ಗಾಡಿಯ ಇಂಟರ್ನೆಟ್ ಸಾಧನ: ಬ್ಯಾಟರಿ ಯಾಕೆ ಇಳಿಯಿತು, ಡೇಟಾ ಎಲ್ಲಿ ಹೋಯಿತು?

ಪ್ರಶ್ನೆ: ನನ್ನೂರು ವಿಜಯಪುರ ಜಿಲ್ಲೆಯ ಇಂಡಿ ಕಡೆ. ಇ ಅಂಡ್ ಟಿಸಿ (ಎಲೆಕ್ಟ್ರಾನಿಕ್ಸ್ ಮತ್ತು ಟೆಲಿಕಮ್ಯುನಿಕೇಷನ್) ಡಿಪ್ಲೊಮಾ ಮುಗಿಸಿ ಈಗ ಪುಣೆಯ ಭೋಸರಿಯಲ್ಲಿ ಒಂದು ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಲ್ಲಿದ್ದೇನೆ. ಸೋದರಮಾವ ಪಿಂಪ್ರಿಯಲ್ಲಿ ಟ್ರಾವೆಲ್ಸ್ ನಡೆಸುತ್ತಾರೆ. ಹಳದಿ ಬೋರ್ಡಿನ ಎಂಟು ಗಾಡಿ, ಹೆಚ್ಚಿನ ಓಡಾಟ ಪುಣೆ–ಸೋಲಾಪುರ–ವಿಜಯಪುರ. ಗಾಡಿ ಎಲ್ಲಿದೆ, ಎಷ್ಟು ಸ್ಪೀಡಿನಲ್ಲಿದೆ, ಇಂಜಿನ್ ಎಷ್ಟು ಬಿಸಿಯಾಗಿದೆ ಎಂದು ಮೊಬೈಲಿನಲ್ಲೇ ನೋಡಲು ಓಬಿಡಿ ಪೋರ್ಟಿಗೆ (ಮೆಕ್ಯಾನಿಕ್ ಗಾಡಿಯ ದೋಷ ಓದುವ ಕನೆಕ್ಟರ್) ಹಾಕುವ ಸಾಧನವೊಂದನ್ನು ಮಾಡಿದ್ದೇನೆ: ಇಎಸ್‌ಪಿ32 ಬೋರ್ಡ್, ಗಾಡಿಯ ಜೊತೆ ಮಾತಾಡಲು ಎಂಸಿಪಿ2515 ಕ್ಯಾನ್ ಮಾಡ್ಯೂಲ್, ಮೊಬೈಲ್ ನೆಟ್‌ವರ್ಕಿಗೆ ಸಿಮ್800ಎಲ್, ಒಂದು ಜಿಪಿಎಸ್ ಮಾಡ್ಯೂಲ್, ಪವರಿಗೆ ಎಲ್‌ಎಂ2596. ಓಡುವಾಗ ಕೆಲಸ ಮಾಡುತ್ತದೆ. ಆದರೆ ಗಾಡಿ ಎರಡು ದಿನ ನಿಂತರೆ ಸ್ಟಾರ್ಟ್ ಆಗುವುದಿಲ್ಲ, ಡೇಟಾ ಮಧ್ಯೆ ಮಧ್ಯೆ ಹಾರಿಹೋಗುತ್ತದೆ. ಮಾವ ಬೇರೆ ‘ಇಂಜಿನ್ ಬಂದ್ ಮಾಡೋ ಸ್ವಿಚ್ಚೂ ಹಾಕಿಬಿಡು’ ಎನ್ನುತ್ತಾರೆ. ಇದನ್ನು ಸರಿಪಡಿಸಿ ಮಾರುವ ಮಟ್ಟಕ್ಕೆ ತರಬೇಕೆಂದರೆ ಏನು ಮಾಡಬೇಕು?

ಉತ್ತರ: ಓಡುವಾಗ ಕೆಲಸ ಮಾಡುತ್ತದೆ ಎಂದು ಬರೆದಿದ್ದೀರಿ. ಸಂತೋಷ. ಆದರೆ ಟ್ರಾವೆಲ್ಸ್ ಗಾಡಿಯೂ ದಿನದ 24 ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ನಿಂತೇ ಇರುತ್ತದೆ. ಮನೆಯ ಕಾರಂತೂ ಇಪ್ಪತ್ತೆರಡು ಗಂಟೆ ಪಾರ್ಕಿಂಗಿನಲ್ಲೇ. ಸರ್ವರು, ಆ್ಯಪು, ನಕ್ಷೆ ಇವೆಲ್ಲ ಆಮೇಲೆ. ಇಂಜಿನ್ ಆರಿದ ಮೇಲೆ ಸಾಧನ ಏನು ಮಾಡುತ್ತದೆ ಎಂಬುದೇ ಈ ವಿನ್ಯಾಸದ ಬುಡ. ನಿಮ್ಮ ಎರಡು ತಕರಾರುಗಳಲ್ಲಿ ಮೊದಲನೆಯದನ್ನು ಅದಕ್ಕೇ ಸ್ವಲ್ಪ ಉದ್ದಕ್ಕೆ ಬಿಡಿಸುತ್ತೇನೆ.

ಲೆಕ್ಕ ಹಾಕೋಣ. ನೀವು ಹೇಳಿದ ಮಾಡ್ಯೂಲುಗಳೆಲ್ಲ ಎಚ್ಚರವಾಗಿದ್ದರೆ 12 ವೋಲ್ಟ್ ಕಡೆಯಿಂದ ಒಟ್ಟು 120 ಮಿಲಿಆಂಪಿಯರ್ ಎಳೆಯುತ್ತವೆ ಎಂದಿಟ್ಟುಕೊಳ್ಳಿ. ದಿನಕ್ಕೆ ಸುಮಾರು 2.9 ಆಂಪಿಯರ್-ಅವರ್ ಆಯಿತು. ಎರಡು ದಿನಕ್ಕೆ ಆರು ಅನ್ನಿ. ಸಣ್ಣ ಪೆಟ್ರೋಲ್ ಗಾಡಿಯಲ್ಲೂ 35 ಆಂಪಿಯರ್-ಅವರ್ ಬ್ಯಾಟರಿ ಇರುತ್ತದೆ. ಆರು ಹೋದ ಮಾತ್ರಕ್ಕೆ ಅದು ಮಲಗಬಾರದು. ಬ್ಯಾಟರಿ ಹಳೆಯದು, ಅರ್ಧವೇ ಚಾರ್ಜ್ ಆಗಿತ್ತು ಎಂದರೂ ಎಲ್ಲ ಗಾಡಿಗಳೂ ಎರಡೇ ದಿನಕ್ಕೆ ಕೈಕೊಡುವುದು ಲೆಕ್ಕಕ್ಕೆ ಕೂಡುವುದಿಲ್ಲ. ಅಂದರೆ ಬ್ಯಾಟರಿ ಕುಡಿದದ್ದು ಬರೀ ನಿಮ್ಮ ಸಾಧನವಲ್ಲ.

ನನ್ನ ಅನುಮಾನ ಹೀಗಿದೆ. ನಿಮ್ಮ ಕೋಡು ಇಂಜಿನ್ ಆರಿದ ಮೇಲೂ ಪ್ರತಿ ಸೆಕೆಂಡಿಗೊಮ್ಮೆ, ಗಾಡಿಯೊಳಗಿನ ಕಂಪ್ಯೂಟರುಗಳು ಪರಸ್ಪರ ಮಾತಾಡುವ ಕ್ಯಾನ್ ಬಸ್ ಮೇಲೆ ‘ಆರ್‌ಪಿಎಂ ಎಷ್ಟು, ಸ್ಪೀಡ್ ಎಷ್ಟು’ ಎಂದು ಕೇಳುತ್ತಲೇ ಇದೆ. ಗಾಡಿ ಲಾಕ್ ಮಾಡಿದ ಕೆಲ ಹೊತ್ತಿಗೆ ಅದರ ಇಸಿಯುಗಳು, ಅಂದರೆ ಆ ಕಂಪ್ಯೂಟರುಗಳು, ಒಂದೊಂದಾಗಿ ನಿದ್ದೆಗೆ ಜಾರಬೇಕು. ಆಗ ಇಡೀ ಗಾಡಿ ಎಳೆಯುವುದು ಸಾಮಾನ್ಯವಾಗಿ 20ರಿಂದ 50 ಮಿಲಿಆಂಪಿಯರ್. ಬಸ್ ಮೇಲೆ ಸಂದೇಶ ಬರುತ್ತಲೇ ಇದ್ದರೆ ಹಲವು ಗಾಡಿಗಳಲ್ಲಿ ಗೇಟ್‌ವೇ ಮತ್ತು ಅದರ ಹಿಂದಿನ ಇಸಿಯುಗಳು ನಿದ್ದೆಗೆ ಹೋಗುವುದೇ ಇಲ್ಲ. ನಡುರಾತ್ರಿ ಬಾಗಿಲು ಬಡಿಯುತ್ತ ನಿಂತರೆ ಮನೆಮಂದಿ ಹೇಗೆ ಮಲಗಿಯಾರು? ಅವೆಲ್ಲ ಸೇರಿ ಒಂದು ಆಂಪಿಯರ್ ಎಳೆದರೂ ಸಾಕು, ದಿನಕ್ಕೆ 24 ಆಂಪಿಯರ್-ಅವರ್ ಖಾಲಿ. ಎರಡು ದಿನ ಎಂಬ ನಿಮ್ಮ ಮಾತಿಗೆ ಈ ಲೆಕ್ಕ ಸರಿಯಾಗಿ ಕೂಡುತ್ತದೆ.

ಊಹೆಯ ಮೇಲೆ ಕೂರಬೇಡಿ, ಅಳೆಯಿರಿ. ಬಾನೆಟ್ ತೆರೆದು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಮಲ್ಟಿಮೀಟರನ್ನು 10 ಆಂಪಿಯರ್ ಸಾಕೆಟ್ಟಿಗೆ ಹಾಕಿ ಟರ್ಮಿನಲ್ಲಿಗೂ ಕೇಬಲ್ಲಿಗೂ ನಡುವೆ ಸೀರೀಸಿನಲ್ಲಿ ಸೇರಿಸಿ. ಬಾಗಿಲುಗಳು ಮುಚ್ಚಿವೆ ಎಂದು ಗಾಡಿಗೆ ಅನ್ನಿಸಬೇಕು, ಹಾಗಾಗಿ ಲಾಕ್ ಮಾಡಿ ಕೀಯನ್ನು ದೂರ ಇಡಿ. ಅರ್ಧ ಗಂಟೆ ಕಾಯಿರಿ. ಮೊದಲಿಗೆ ಮೀಟರು ಆಂಪಿಯರ್ ಲೆಕ್ಕದಲ್ಲೇ ತೋರಿಸುತ್ತದೆ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಸಾಧನ ಇಲ್ಲದೆ ಒಮ್ಮೆ, ಹಾಕಿ ಒಮ್ಮೆ ನೋಡಿ. ಹಾಕಿದಾಗ ಆ ಮೆಟ್ಟಿಲುಗಳು ಇಳಿಯದೇ ನಿಂತರೆ ಕಳ್ಳ ಸಿಕ್ಕ ಹಾಗೆ. ಮೀಟರು ಸೀರೀಸಿನಲ್ಲಿರುವಾಗ ಯಾರೂ ಚಾವಿ ತಿರುಗಿಸದಂತೆ ನೋಡಿಕೊಳ್ಳಿ. ಸ್ಟಾರ್ಟರಿನ ನೂರಾರು ಆಂಪಿಯರಿಗೆ ಮೀಟರಿನ ಫ್ಯೂಸ್ ಮೊದಲ ಬಲಿ. ಡಿಸಿ ಕ್ಲಾಂಪ್ ಮೀಟರ್ ಸಿಕ್ಕರೆ ಈ ತಾಪತ್ರಯವೇ ಇಲ್ಲ, ಆದರೆ ಕೆಲವೇ ಮಿಲಿಆಂಪಿಯರ್ ಮಟ್ಟದಲ್ಲಿ ಅಗ್ಗದ ಕ್ಲಾಂಪ್ ಮೀಟರನ್ನು ನಂಬಲಾಗದು.

ಇನ್ನು ಪರಿಹಾರ. ಇಂಜಿನ್ ಆರಿದ್ದು ಗೊತ್ತಾದ ಕೂಡಲೇ ಕೇಳುವುದನ್ನು ನಿಲ್ಲಿಸಬೇಕು. ಗೊತ್ತಾಗುವುದು ಹೇಗೆ? ಓಬಿಡಿಯ 16 ಪಿನ್ ಕನೆಕ್ಟರಿನಲ್ಲಿ 16ನೇ ಪಿನ್ ನೇರವಾಗಿ ಬ್ಯಾಟರಿಯದು, ಚಾವಿ ತೆಗೆದರೂ ಅಲ್ಲಿ ವೋಲ್ಟೇಜ್ ಇರುತ್ತದೆ. ಇಗ್ನಿಷನ್ ತಂತಿ ಅಲ್ಲಿ ಸಿಗುತ್ತದೆಂಬ ಭರವಸೆ ಇಲ್ಲ. ಹೆಚ್ಚಿನವರು ವೋಲ್ಟೇಜನ್ನೇ ನೋಡುತ್ತಾರೆ: 13.2ಕ್ಕಿಂತ ಮೇಲಿದ್ದರೆ ಆಲ್ಟರ್ನೇಟರ್ ತಿರುಗುತ್ತಿದೆ, ಕೆಳಗಿದ್ದರೆ ಇಂಜಿನ್ ಆರಿದೆ ಎಂದು. ಹಳೆಯ ಗಾಡಿಗೆ ಇದು ಸರಿ. ಈಗಿನ ಸ್ಮಾರ್ಟ್ ಹೈಬ್ರಿಡ್ ಗಾಡಿಗಳಲ್ಲಿ ಚಾರ್ಜಿಂಗ್ ವೋಲ್ಟೇಜು ಓಡುವಾಗಲೇ ಏರಿ ಇಳಿಯುತ್ತದೆ, ಸಿಗ್ನಲ್ಲಿನಲ್ಲಿ ಇಂಜಿನ್ ತಾನಾಗಿ ಆರುತ್ತದೆ. ಹಾಗಾಗಿ ವೋಲ್ಟೇಜಿನ ಜೊತೆಗೆ ಒಂದು ಆಕ್ಸೆಲೆರೋಮೀಟರ್ ಇಡಿ. ಅಲುಗಾಟವಿಲ್ಲ, ವೋಲ್ಟೇಜು ಕೆಳಗಿದೆ, ಆರ್‌ಪಿಎಂ ಸೊನ್ನೆ ಅಥವಾ ಉತ್ತರವೇ ಇಲ್ಲ ಎಂಬ ಮೂರೂ ಕೆಲ ನಿಮಿಷ ಒಟ್ಟಿಗೆ ಇದ್ದರೆ ಮಲಗಿ. ಏಳುವಾಗ ಮಾತ್ರ ಆಕ್ಸೆಲೆರೋಮೀಟರ್ ಒಂದರ ಮಾತು ಕೇಳಿ ಬಸ್ಸಿಗೆ ಕೈಹಾಕಬೇಡಿ. ಪಕ್ಕದಲ್ಲಿ ಲಾರಿ ಹಾದುಹೋದರೂ ಅದು ಎಬ್ಬಿಸುತ್ತದೆ. ಎದ್ದು, ವೋಲ್ಟೇಜ್ ನೋಡಿ, ಆಮೇಲೆ ಪ್ರಶ್ನೆ.

ಮಲಗುವುದೆಂದರೆ ನಿಜವಾಗಿ ಮಲಗಬೇಕು. ಇಎಸ್‌ಪಿ32 ಚಿಪ್ಪು ಡೀಪ್ ಸ್ಲೀಪಿನಲ್ಲಿ ಹತ್ತಿಪ್ಪತ್ತು ಮೈಕ್ರೋಆಂಪಿಯರಿಗೆ ಇಳಿಯುತ್ತದೆ ಎಂಬುದು ಡೇಟಾಶೀಟಿನ ಮಾತು. ಪುಣೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ತಪಕೀರ ಗಲ್ಲಿಯಲ್ಲೋ ಆನ್‌ಲೈನಿನಲ್ಲೋ ಸಿಗುವ ಬೋರ್ಡಿನ ಮಾತು ಬೇರೆ. ಅದರ ಮೇಲೆ ಕೂತ ಎಎಂಎಸ್1117 ರೆಗ್ಯುಲೇಟರ್ ಸುಮ್ಮನಿದ್ದರೂ ಸುಮಾರು 5 ಮಿಲಿಆಂಪಿಯರ್ ತಿನ್ನುತ್ತದೆ, ಯುಎಸ್‌ಬಿ ಚಿಪ್ಪು ಮತ್ತು ಕೆಂಪು ಎಲ್‌ಇಡಿ ತಮ್ಮ ಪಾಲು ಕೇಳುತ್ತವೆ. ನಿಮ್ಮ ಎಲ್‌ಎಂ2596 ಕೂಡ ಹಾಗೇ, ಲೋಡ್ ಇಲ್ಲದಿದ್ದರೂ 5 ಮಿಲಿಆಂಪಿಯರ್. ಎಂಸಿಪಿ2515 ಮಾಡ್ಯೂಲಿನ ಮೇಲಿರುವ, ಬಸ್ಸಿಗೆ ಸಿಗ್ನಲ್ ಕಳಿಸಿ ತೆಗೆದುಕೊಳ್ಳುವ ಟಿಜೆಎ1050 ಟ್ರಾನ್ಸೀವರಿಗೆ ಸ್ಟ್ಯಾಂಡ್‌ಬೈ ಎಂಬುದೇ ಇಲ್ಲ. ಇವನ್ನೆಲ್ಲ ಇಟ್ಟುಕೊಂಡು ಕೋಡಿನಲ್ಲಿ ಎಷ್ಟು ಸ್ಲೀಪ್ ಬರೆದರೂ ಕೆಳಗೆ ಇಳಿಯಲಾರಿರಿ. ಸ್ವಂತ ಬೋರ್ಡ್ ಮಾಡಿಸಲೇಬೇಕು. ಮಾಡಿಸುವಾಗ ಎಂಸಿಪಿ2515 ಬಿಟ್ಟುಬಿಡಿ. ಇಎಸ್‌ಪಿ32 ಒಳಗೇ ಕ್ಯಾನ್ ಕಂಟ್ರೋಲರ್ ಇದೆ, ಚಿಪ್ಪಿನ ತಯಾರಕರು ಅದನ್ನು ಟಿಡಬ್ಲ್ಯುಎಐ ಎಂದು ಕರೆಯುವುದರಿಂದ ಎಷ್ಟೋ ಜನರ ಕಣ್ಣಿಗೇ ಬೀಳುವುದಿಲ್ಲ. ಟಿಜೆಎ1042ರಂಥ ಸ್ಟ್ಯಾಂಡ್‌ಬೈ ಇರುವ ಟ್ರಾನ್ಸೀವರ್ ಒಂದು ಸಾಕು.

ಗುರಿ ಸರಾಸರಿ 3 ಮಿಲಿಆಂಪಿಯರ್ ಒಳಗೆ. ಹಾಗಾದರೆ ಗಾಡಿ ಇಡೀ ತಿಂಗಳು ನಿಂತರೂ ನಿಮ್ಮ ಪಾಲು ಸುಮಾರು 2.2 ಆಂಪಿಯರ್-ಅವರ್ ಅಷ್ಟೆ. ನಾಲ್ಕು ಗಂಟೆಗೊಮ್ಮೆ ಎದ್ದು ‘ನಾನಿದ್ದೇನೆ’ ಎಂದು ಸರ್ವರಿಗೆ ಹೇಳಿ ಮಲಗಲಿ. ಒಂದು ಸಲಕ್ಕೆ 30 ಸೆಕೆಂಡ್, 100 ಮಿಲಿಆಂಪಿಯರ್ ಎಂದರೂ ದಿನಕ್ಕೆ 5 ಮಿಲಿಆಂಪಿಯರ್-ಅವರ್ ದಾಟದು, ಅದಕ್ಕೆ ಜಿಪುಣತನ ಬೇಡ. ಬ್ಯಾಟರಿ 12 ವೋಲ್ಟಿಗಿಂತ ಕೆಳಗಿಳಿದರೆ ಮಾತ್ರ ಎಲ್ಲ ಬಂದ್, ಮತ್ತೆ ಚಾರ್ಜ್ ಏರುವವರೆಗೆ ಬಾಯಿ ಬಿಡಬಾರದು. ಆ ಮಟ್ಟದಲ್ಲಿ ಉಳಿದದ್ದು ಸ್ಟಾರ್ಟರಿನ ಪಾಲು.

ಪವರಿನ ಇನ್ನೊಂದು ಮುಖ, ನಿಮ್ಮ ಪತ್ರದಲ್ಲಿ ಇಲ್ಲದ್ದು. ಗಾಡಿಯ 12 ವೋಲ್ಟ್ ಎಂಬುದು ಹೆಸರಿಗೆ ಮಾತ್ರ. ಚಳಿಗಾಲದ ಬೆಳಗ್ಗೆ ಸೆಲ್ಫ್ ಹೊಡೆದಾಗ ಅದು 6ಕ್ಕೂ ಬೀಳುತ್ತದೆ. ಹೈವೇಯಲ್ಲಿ ಬ್ಯಾಟರಿ ಮಲಗಿ ಲಾರಿಯವನೊಬ್ಬ ಪುಣ್ಯಕ್ಕೆ ಜಂಪ್ ಕೊಟ್ಟನೆನ್ನಿ, 24 ವೋಲ್ಟ್ ಬಂದಂತೆ. ಇಂಜಿನ್ ಓಡುವಾಗಲೇ ಸಡಿಲ ಟರ್ಮಿನಲ್ ಕಳಚಿದರೆ ಆಲ್ಟರ್ನೇಟರಿನ ಶಕ್ತಿಗೆ ಹೋಗಲು ದಾರಿಯಿಲ್ಲದೆ ಲೋಡ್ ಡಂಪ್ ಆಗುತ್ತದೆ. ಐಎಸ್‌ಒ 16750-2 ಮಾನದಂಡದ ಪರೀಕ್ಷೆಯಲ್ಲಿ ಇದಕ್ಕೆ 79ರಿಂದ 101 ವೋಲ್ಟ್ ಕೊಡುತ್ತಾರೆ, ಆಲ್ಟರ್ನೇಟರಿನೊಳಗೇ ತಡೆ ಇರುವ ಗಾಡಿಗಾದರೆ 35 ವೋಲ್ಟ್. ಅದೂ ಮಿಂಚಿ ಮಾಯವಾಗುವ ಸೂಜಿಯಲ್ಲ, ನೂರಾರು ಮಿಲಿಸೆಕೆಂಡ್ ನಿಲ್ಲುತ್ತದೆ. ನಿಮ್ಮ ಎಲ್‌ಎಂ2596ರ ಗರಿಷ್ಠ ಇನ್‌ಪುಟ್ 40 ವೋಲ್ಟ್, ಮಾಡ್ಯೂಲಿನ ಕೆಪಾಸಿಟರುಗಳು ಅಷ್ಟನ್ನೂ ತಾಳುವುದು ಅನುಮಾನ. ಮುಂದೆ ಒಂದು ಫ್ಯೂಸ್, ಮಿತಿಮೀರಿದ ವೋಲ್ಟೇಜನ್ನು ಹೀರುವ ದಪ್ಪದ ಟಿವಿಎಸ್ ಡಯೋಡ್, ತಂತಿ ತಿರುಗಾಮುರುಗಾ ಆದರೆ ತಡೆಯುವ ಮಾಸ್‌ಫೆಟ್, ಅದರ ಹಿಂದೆ 60 ವೋಲ್ಟ್ ತಾಳುವ, ಸುಮ್ಮನಿದ್ದಾಗ ಮೈಕ್ರೋಆಂಪಿಯರುಗಳಲ್ಲೇ ಮುಗಿಸುವ ವೋಲ್ಟೇಜ್ ಇಳಿಸುವ ಆಟೊಮೋಟಿವ್ ದರ್ಜೆಯ ಬಕ್ ಕನ್ವರ್ಟರ್ ಹಾಕಿ. ಬೋರ್ಡಿನ ಖರ್ಚಿನಲ್ಲಿ ದುಡ್ಡು ಸುರಿಯಬೇಕಾದ ಜಾಗ ಇದೇ. ಪ್ರೊಸೆಸರಿನಲ್ಲಿ ನೂರು ರೂಪಾಯಿ ಉಳಿಸಿ, ಇಲ್ಲಿ ಬೇಡ.

ಈಗ ಹಾರಿಹೋಗುವ ಡೇಟಾ. ಇದಕ್ಕೆ ಒಂದೇ ಕಾರಣ ಇದ್ದಂತಿಲ್ಲ.

ಸಿಮ್800ಎಲ್ 2ಜಿ ಮಾಡ್ಯೂಲು. ಕಳಿಸುವ ಹೊತ್ತಿಗೆ ಅದು ಅರ್ಧ ಮಿಲಿಸೆಕೆಂಡ್‌ ಚಿಲ್ಲರೆ ಕಾಲ 2 ಆಂಪಿಯರ್ ಗಬಕ್ಕನೆ ಎಳೆಯುತ್ತದೆ, ಸೆಕೆಂಡಿಗೆ ಇನ್ನೂರು ಚಿಲ್ಲರೆ ಸಲ. ಟವರು ದೂರವಾದಷ್ಟೂ ಎಳೆತ ಜೋರು. ತೆಳ್ಳನೆಯ ಜಂಪರ್ ತಂತಿಯಲ್ಲಿ ಪವರ್ ಕೊಟ್ಟಿದ್ದರೆ ಆ ಕ್ಷಣಕ್ಕೆ ವೋಲ್ಟೇಜು 3.4ರ ಕೆಳಗೆ ಬಿದ್ದು ಮಾಡ್ಯೂಲು ರೀಸೆಟ್ ಆಗುತ್ತದೆ. ಊರಲ್ಲಿ ಸರಿಯಿದ್ದು ಹೆದ್ದಾರಿಯಲ್ಲಿ ಹಾರುತ್ತದೆ ಎಂದಾದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಮಾಡ್ಯೂಲಿನ ಕಾಲ ಬುಡದಲ್ಲೇ ಒಳ್ಳೆಯ ಲೋ-ಇಎಸ್‌ಆರ್ (ಒಳ ಪ್ರತಿರೋಧ ಕಡಿಮೆಯಿರುವ) ಕೆಪಾಸಿಟರ್ ಇಟ್ಟು ನೋಡಿ. ಆದರೆ ಅದು ಇವತ್ತಿನ ಮಟ್ಟಿಗಿನ ಮದ್ದು. ಮಾರುವ ಸಾಧನಕ್ಕೆ 2ಜಿ ಬೇಡವೇ ಬೇಡ. ಜಿಯೋದಲ್ಲಿ 2ಜಿ ಯಾವತ್ತೂ ಇರಲಿಲ್ಲ, ಉಳಿದವರು ಎಷ್ಟು ವರ್ಷ ನಡೆಸುತ್ತಾರೋ ನಂಬಿಕೂರುವಂತಿಲ್ಲ. ಎಲ್‌ಟಿಇ ಕ್ಯಾಟ್-1 ಮಾಡ್ಯೂಲ್ ತೆಗೆದುಕೊಳ್ಳಿ. ಸೆಕೆಂಡಿಗೆ 10 ಮೆಗಾಬಿಟ್ ಇಳಿಸಿ 5 ಏರಿಸುವ ಸಾಮರ್ಥ್ಯ ನಿಮಗೆ ಬೇಕಾದದ್ದಕ್ಕಿಂತ ಹೆಚ್ಚೇ ಆಯಿತು, ಮಾಮೂಲಿ 4ಜಿ ಟವರಿನಲ್ಲೇ ನಡೆಯುತ್ತದೆ. ಸಣ್ಣ ಸಾಧನಗಳಿಗೆಂದೇ ಇರುವ ಎನ್‌ಬಿ-ಐಒಟಿ ನೆಟ್‌ವರ್ಕ್ ಅಗ್ಗ ಎಂದು ಯಾರಾದರೂ ಹೇಳಬಹುದು. ಅದು ನಿಂತಲ್ಲೇ ನಿಂತಿರುವ ನೀರಿನ ಮೀಟರಿಗೆ ಒಳ್ಳೆಯದು, ಟವರಿಂದ ಟವರಿಗೆ ಓಡುವ ಗಾಡಿಗಲ್ಲ.

ಎರಡನೆಯ ಕಾರಣ ನೆಟ್‌ವರ್ಕೇ ಇಲ್ಲದಿರುವುದು. ಸೋಲಾಪುರ ದಾಟಿ ವಿಜಯಪುರದ ಕಡೆ ಹೋಗುವಾಗ ಸಾಧನ ಮಹಾರಾಷ್ಟ್ರ ಟೆಲಿಕಾಂ ಸರ್ಕಲ್ ಬಿಟ್ಟು ಕರ್ನಾಟಕ ಸರ್ಕಲ್ಲಿಗೆ ಸೇರುತ್ತದೆ. ಮುಂಬೈ ಕಡೆ ಬಾಡಿಗೆ ಸಿಕ್ಕರೆ ಅದೂ ಬೇರೆ ಸರ್ಕಲ್ಲೇ. ಆ ಗಡಿಯಲ್ಲಿ ಮಾಡ್ಯೂಲು ಹಳೆಯ ನೆಟ್‌ವರ್ಕಿಗೆ ಜೋತುಬಿದ್ದು ಕೆಲ ಹೊತ್ತು ಒದ್ದಾಡುತ್ತದೆ. ಪುಣೆ–ಮುಂಬೈ ಎಕ್ಸ್‌ಪ್ರೆಸ್‌ವೇಯ ಘಾಟಿನ ಸುರಂಗಗಳಲ್ಲಿ ಏನೂ ಸಿಗದಿದ್ದರೂ ಆಶ್ಚರ್ಯವಿಲ್ಲ. ಇದನ್ನು ತಪ್ಪಿಸಲಾಗದು, ಸಹಿಸಿಕೊಳ್ಳುವಂತೆ ಬರೆಯಬೇಕು. ಪ್ರತಿ ದಾಖಲೆಗೂ ಕ್ರಮಸಂಖ್ಯೆ ಮತ್ತು ಉಪಗ್ರಹದಿಂದ ಬಂದ ಸಮಯ ಹಾಕಿ ಮೊದಲು ಫ್ಲಾಶಿಗೆ ಬರೆಯಿರಿ, ಆಮೇಲೆ ಕಳಿಸಿ. ಸರ್ವರು ‘ಮುಟ್ಟಿತು’ ಎಂದ ಮೇಲೆ ಮಾತ್ರ ಅಳಿಸಿ. ಸರ್ವರಿಗೆ ತಲುಪಿದ ಸಮಯವನ್ನೇ ಗಾಡಿ ಅಲ್ಲಿದ್ದ ಸಮಯ ಎಂದು ಬರೆದುಕೊಂಡರೆ, ಸುರಂಗದಿಂದ ಹೊರಬಂದ ಗಾಡಿ ಒಂದೇ ಸೆಕೆಂಡಿನಲ್ಲಿ ಹತ್ತು ಕಡೆ ಇದ್ದಂತೆ ಕಾಣುತ್ತದೆ. ಒಂದು ದಾಖಲೆಗೆ 64 ಬೈಟ್ ಎಂದರೆ 40,000 ದಾಖಲೆ 2.6 ಎಂಬಿಯೊಳಗೆ ಕೂರುತ್ತದೆ, 10 ಸೆಕೆಂಡಿಗೊಂದರಂತೆ ನೂರಹನ್ನೊಂದು ಗಂಟೆಯ ಓಡಾಟ. 4 ಎಂಬಿಯ ಫ್ಲಾಶ್ ಚಿಪ್ಪಿಗೆ ದೊಡ್ಡ ದುಡ್ಡೇನೂ ಬೇಡ. ಸುತ್ತು ಬಂದು ಹಳೆಯದರ ಮೇಲೆ ಬರೆಯುವಂತೆ ಮಾಡಿ, ಒಂದೇ ಜಾಗವನ್ನು ಸವೆಸಬೇಡಿ. ಸೆಲ್ಫ್ ಹೊಡೆಯುವ ಹೊತ್ತಿಗೆ ಬರೆಯುತ್ತಿದ್ದರೆ ದಾಖಲೆ ಕೆಡುತ್ತದೆ, ಆದ್ದರಿಂದ ಪ್ರತಿ ದಾಖಲೆಯ ಕೊನೆಗೆ, ಅದು ಕೆಟ್ಟಿಲ್ಲವೆಂದು ತಾಳೆ ನೋಡುವ ಸಿಆರ್‌ಸಿ ಸಂಖ್ಯೆ ಇರಲಿ.

ಮೂರನೆಯದು ಡೇಟಾ ಪ್ಯಾಕು. ನೀವು ಪ್ರತಿ ಸಲ ಹೊಸದಾಗಿ ಎಚ್‌ಟಿಟಿಪಿಎಸ್ ಸಂಪರ್ಕ ತೆರೆದು ಕಳಿಸುತ್ತಿದ್ದರೆ ಲೆಕ್ಕ ನೋಡಿ. 200 ಬೈಟಿನ ಸಂದೇಶ, 10 ಸೆಕೆಂಡಿಗೊಂದು, ದಿನಕ್ಕೆ ಮೂರು ಗಂಟೆ ಓಡಾಟ: 1,080 ಸಂದೇಶ, 216 ಕೆಬಿ, ತಿಂಗಳಿಗೆ ಆರೂವರೆ ಎಂಬಿ. ಪ್ರತಿ ಸಂಪರ್ಕದ ಟಿಎಲ್‌ಎಸ್ ಹಸ್ತಲಾಘವಕ್ಕೆ (ಸುರಕ್ಷಿತ ಸಂಪರ್ಕ ಕುದುರಿಸುವ ಮಾತುಕತೆ) 6 ಕೆಬಿ ಸೇರಿಸಿದರೆ ತಿಂಗಳಿಗೆ ಇನ್ನೂರು ಎಂಬಿ! ಸಾಮಾನಿಗಿಂತ ಸಾಗಣೆ ದುಬಾರಿ. ಸಣ್ಣ ಸಂದೇಶಗಳಿಗೆಂದೇ ಇರುವ ಎಂಕ್ಯೂಟಿಟಿ ಪ್ರೊಟೋಕಾಲ್ ಬಳಸಿ ಒಂದೇ ಸಂಪರ್ಕ ತೆರೆದಿಟ್ಟು ಅದರಲ್ಲೇ ಕಳಿಸಿ.

ಕ್ಯಾನ್ ಬಸ್ ವಿಷಯಕ್ಕೆ ಬರುತ್ತೇನೆ. ನಿಮ್ಮ ಆ ನೀಲಿ ಎಂಸಿಪಿ2515 ಮಾಡ್ಯೂಲಿನ ಅಂಚಿನಲ್ಲಿ ಒಂದು ಸಣ್ಣ ಜಂಪರ್ ಇದೆ, 120 ಓಮ್ ರೆಸಿಸ್ಟರನ್ನು ಬಸ್ಸಿಗೆ ಸೇರಿಸುವಂಥದ್ದು. ಅದನ್ನು ಕಿತ್ತಿದ್ದೀರಾ? ಗಾಡಿಯ ಬಸ್ಸಿನ ಎರಡು ತುದಿಯಲ್ಲಿ ಆಗಲೇ ಒಂದೊಂದು 120 ಓಮ್ ಇರುತ್ತದೆ. ಇಗ್ನಿಷನ್ ತೆಗೆದು ಗಾಡಿ ಮಲಗಿದ ಮೇಲೆ 6 ಮತ್ತು 14ನೇ ಪಿನ್ನುಗಳ ನಡುವೆ ಮೀಟರಿಟ್ಟರೆ ಸಾಮಾನ್ಯವಾಗಿ 60 ಓಮ್ ತೋರಿಸಬೇಕು. ನಿಮ್ಮ ಸಾಧನ ಹಾಕಿದಾಗ 40 ಆಗಿದ್ದರೆ ಜಂಪರ್ ಅಲ್ಲೇ ಇದೆ ಎಂದರ್ಥ. ಬಸ್ ಅಷ್ಟಕ್ಕೆ ಸಾಯುವುದಿಲ್ಲ, ಆದರೆ ಸಿಗ್ನಲ್ ಸೊರಗುತ್ತದೆ, ಎಂದೋ ಒಂದು ದಿನ ಡ್ಯಾಶಿನಲ್ಲಿ ಎಬಿಎಸ್ ದೀಪ ಹತ್ತುತ್ತದೆ, ಡ್ರೈವರ್ ನಿಮ್ಮ ಸಾಧನವನ್ನು ಬಯ್ಯುತ್ತಾನೆ. ಅವನ ಮಾತು ಆಗ ನಿಜವೇ ಇರುತ್ತದೆ.

ಕೇಳುವ ಪ್ರಶ್ನೆಗಳು ಕಡಿಮೆಯಿರಲಿ. ಸದ್ಯದ ಅಳತೆ ಕೇಳುವ ಓಬಿಡಿ ಸರ್ವಿಸ್ 01ರಲ್ಲಿ ಆರ್‌ಪಿಎಂಗೆ ಪಿಐಡಿ (ಪ್ರಶ್ನೆಯ ಸಂಕೇತ) 0ಸಿ, ಸ್ಪೀಡಿಗೆ 0ಡಿ, ಕೂಲಂಟ್ ಉಷ್ಣತೆಗೆ 05. ಬಂದ ಬೈಟಿನಿಂದ 40 ಕಳೆದರೆ ಕೂಲಂಟಿನ ಸೆಲ್ಸಿಯಸ್. ಮಾವನವರು ಮುಂದೆ ಕೇಳುವುದು ಡೀಸೆಲ್ ಎಷ್ಟಿದೆ ಎಂದು. ಅದಕ್ಕೆ 2ಎಫ್ ಇದೆ, ಆದರೆ ಎಷ್ಟೋ ಗಾಡಿಗಳು ಅದಕ್ಕೆ ಉತ್ತರ ಕೊಡುವುದಿಲ್ಲ, ಓಡೋಮೀಟರಿನ ಕಥೆಯೂ ಅಷ್ಟೇ. ಮಾರುವಾಗ ಮಾತು ಕೊಡುವ ಮೊದಲು ಗಾಡಿಯಿಂದ ಗಾಡಿಗೆ ಪರೀಕ್ಷಿಸಿ. ದೋಷ ಅಳಿಸುವ ಸರ್ವಿಸ್ 04 ನಿಮ್ಮ ಕೋಡಿನಲ್ಲಿ ಇರಲೇಬಾರದು. ಇಂಟರ್ನೆಟ್ಟಿಂದ ಬಂದ ಯಾವ ಬೈಟೂ ನೇರವಾಗಿ ಬಸ್ಸಿಗೆ ಇಳಿಯದಂತೆ ಇರಲಿ. ಯಾವ ಪ್ರಶ್ನೆ ಕೇಳಬಹುದೆಂಬ ಪಟ್ಟಿ ಫರ್ಮ್‌ವೇರಿನೊಳಗೇ ಕಲ್ಲಾಗಿ ಕೂತಿರಬೇಕು.

ಇದು ಅತಿಯಾದ ಭಯವಲ್ಲ. 2015ರಲ್ಲಿ ಭದ್ರತಾ ಸಂಶೋಧಕರಾದ ಚಾರ್ಲಿ ಮಿಲ್ಲರ್, ಕ್ರಿಸ್ ವಾಲಸೆಕ್ ಇಬ್ಬರೂ ದೂರದಲ್ಲಿ ಕೂತು ಜೀಪ್ ಚೆರೋಕಿಯನ್ನು ಹೈವೇಯಲ್ಲೇ ನಿಲ್ಲಿಸಿ ತೋರಿಸಿದರು, ಆಮೇಲೆ 14 ಲಕ್ಷ ಗಾಡಿಗಳನ್ನು ವಾಪಸ್ ಕರೆಯಬೇಕಾಯಿತು. ನಿಮಗೆ ಅದಕ್ಕಿಂತ ಹತ್ತಿರದ್ದು ಅದೇ ವರ್ಷದ ಇನ್ನೊಂದು ಪ್ರಕರಣ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಸಂಶೋಧಕರು ಓಬಿಡಿ ಪೋರ್ಟಿಗೆ ಹಾಕುವ, ನಿಮ್ಮದರಂಥದೇ ಒಂದು ಸಾಧನಕ್ಕೆ ಎಸ್‌ಎಂಎಸ್ ಕಳಿಸಿ ಕಾರ್ವೆಟ್ ಗಾಡಿಯ ಬ್ರೇಕನ್ನು ಹಿಡಿದರು, ಬಿಟ್ಟರು. ಆ ಸಾಧನಗಳಿಗೆಲ್ಲ ಒಂದೇ ಕೀಲಿ, ಒಂದನ್ನು ಬಿಚ್ಚಿ ನೋಡಿದವನಿಗೆ ಎಲ್ಲವೂ ತೆರೆದ ಹಾಗೆ. ಹಾಗಾಗಿ ನಿಮ್ಮ ಪ್ರತಿ ಸಾಧನಕ್ಕೂ ಬೇರೆ ಬೇರೆ ಸರ್ಟಿಫಿಕೇಟ್ ಇರಲಿ, ಇಎಸ್‌ಪಿ32ರ ಸೆಕ್ಯೂರ್ ಬೂಟ್ ಮತ್ತು ಫ್ಲಾಶ್ ಎನ್‌ಕ್ರಿಪ್ಷನ್ ಎರಡನ್ನೂ ಆನ್ ಮಾಡಿ. ಅದರ ಇ-ಫ್ಯೂಸ್ (ಚಿಪ್ಪಿನೊಳಗೆ ಒಂದೇ ಸಲ ಬರೆಯಬಹುದಾದ ಜಾಗ) ಒಮ್ಮೆ ಸುಟ್ಟರೆ ಮುಗಿಯಿತು, ಪರೀಕ್ಷೆಗೆ ಬೇರೆ ಬೋರ್ಡ್ ಇಟ್ಟುಕೊಳ್ಳಿ. ಎಸ್‌ಎಂಎಸ್‌ನಿಂದ ಆಜ್ಞೆ ತೆಗೆದುಕೊಳ್ಳುವ ಸೌಲಭ್ಯವನ್ನು ಪೂರ್ತಿ ಕಿತ್ತುಹಾಕಿ. ಗಾಳಿಯಲ್ಲಿ ಫರ್ಮ್‌ವೇರ್ ಬದಲಿಸುವುದಾದರೆ ಎರಡು ಭಾಗ ಇಟ್ಟು, ಹೊಸದು ಏಳದಿದ್ದರೆ ಹಳೆಯದಕ್ಕೆ ತಾನೇ ಮರಳುವಂತೆ ಮಾಡಿ. ಓಡುವಾಗ ಎಂದೂ ಬೇಡ, ಇಂಜಿನ್ ಆರಿಸಿದ ಕೂಡಲೇ ಬ್ಯಾಟರಿ ತುಂಬಿರುತ್ತದೆ, ಆಗ ಮಾಡಿ. ಮೊದಲು ಮಾವನ ಒಂದೇ ಗಾಡಿಗೆ.

ಇಂಜಿನ್ ಬಂದ್ ಮಾಡುವ ಸ್ವಿಚ್ಚಿಗೆ ನನ್ನ ಉತ್ತರ ಬೇಡ ಎಂದು. ಮಾವನವರ ಚಿಂತೆ ಅರ್ಥವಾಗುತ್ತದೆ, ಗಾಡಿ ಕದ್ದರೆ, ಡ್ರೈವರ್ ಬಾಡಿಗೆ ಕೊಡದೆ ಹೋದರೆ ಎಂದು. ಆದರೆ ಓಡುವ ಗಾಡಿಯ ಇಂಜಿನ್ ಆರಿಸಿದರೆ ಸ್ಟಿಯರಿಂಗ್ ಭಾರವಾಗುತ್ತದೆ, ಬ್ರೇಕಿನ ಬೂಸ್ಟರ್ ಕೆಲವೇ ಒತ್ತಿಗೆ ಖಾಲಿ. ಸ್ಪೀಡು ಸೊನ್ನೆ ಎಂದು ನಿಮ್ಮ ಸರ್ವರು ತೋರಿಸುತ್ತಿರುವುದು ಸುರಂಗಕ್ಕೆ ಮೊದಲಿನ ದಾಖಲೆಯಾಗಿದ್ದರೆ? ಅದರ ಮೇಲೆ, ಆ ರಿಲೇ ತಾನೇ ಕೆಟ್ಟು ರಾತ್ರಿ ಇಂದಾಪುರದ ಹತ್ತಿರ ಗಾಡಿ ನಿಂತರೆ ಸೀಟಿನಲ್ಲಿ ಕೂತ ಕುಟುಂಬಕ್ಕೆ ಯಾರು ಜವಾಬು? ಗಾಡಿ ಗೊತ್ತುಮಾಡಿದ ಗಡಿ ದಾಟಿದರೆ, ಸಾಧನವನ್ನು ಕಿತ್ತರೆ ಮಾವನ ಫೋನು ಬಡಿದುಕೊಳ್ಳುವಂತೆ ಮಾಡಿ. ಕಿತ್ತದ್ದನ್ನು ಹೇಳಲು ಸಾಧನದೊಳಗೆ ಕೆಲ ಸೆಕೆಂಡಿನ ಶಕ್ತಿ ಉಳಿದಿರಬೇಕು. ಓಬಿಡಿ ಪೋರ್ಟ್ ಡ್ರೈವರನ ಮೊಣಕಾಲ ಮುಂದೆಯೇ ಇದೆ, ಅವನು ಕೀಳುತ್ತಾನೆ, ಖಂಡಿತ.

ಆ ಶಕ್ತಿಗೆ ಲಿಥಿಯಂ ಸೆಲ್ ಹಾಕುವ ಮೊದಲು ಏಪ್ರಿಲ್ ತಿಂಗಳ ಸೋಲಾಪುರವನ್ನು ನೆನಪಿಸಿಕೊಳ್ಳಿ. ಹೊರಗೇ 42 ಡಿಗ್ರಿ, ಗಾಜು ಮುಚ್ಚಿ ಬಿಸಿಲಿಗೆ ನಿಂತ ಗಾಡಿಯ ಡ್ಯಾಶಿನ ಮೇಲೆ 70–80ಕ್ಕೂ ಏರುತ್ತದೆ. ಸಾಮಾನ್ಯ ಲಿಥಿಯಂ-ಅಯಾನ್ ಸೆಲ್ಲನ್ನು 45 ಡಿಗ್ರಿ ಮೀರಿದ ಮೇಲೆ ಚಾರ್ಜ್ ಮಾಡಬಾರದು. ಕೊನೆಯ ಒಂದು ಸಂದೇಶ ಕಳಿಸಲಷ್ಟೇ ಬೇಕಿದ್ದರೆ ಸೂಪರ್ ಕೆಪಾಸಿಟರ್ ಸಾಕು, ಅದರಲ್ಲೂ 85 ಡಿಗ್ರಿ ತಾಳುವಂಥದ್ದನ್ನೇ ಹುಡುಕಿ. ಪ್ಲಾಸ್ಟಿಕ್ ಸಿಮ್ ಹೊಂಡದಲ್ಲಿ ಕಂಪನಕ್ಕೆ ಸಡಿಲವಾಗುತ್ತದೆ, ಬೋರ್ಡಿಗೆ ಬೆಸೆಯುವ ಚಿಪ್ ಸಿಮ್ ತೆಗೆದುಕೊಳ್ಳಿ. ಅದು ಎಂ2ಎಂ (ಯಂತ್ರದಿಂದ ಯಂತ್ರಕ್ಕೆ) ಯೋಜನೆಯ 13 ಅಂಕಿಯ ನಂಬರಿನದಾಗಿರಲಿ, ಅಂಗಡಿಯ ಪ್ರೀಪೇಯ್ಡ್ ಸಿಮ್ ಅಲ್ಲ. ಜಿಪಿಎಸ್ ಆಂಟೆನಾ ಡ್ಯಾಶಿನ ಅಡಿಯಲ್ಲಿ ಆಕಾಶ ಕಾಣದೆ ಕೂತಿದ್ದರೆ ಲೋಣಾವಳಾದಲ್ಲಿರುವ ಗಾಡಿ ಹೊಲದಲ್ಲಿ ಓಡಿದಂತೆ ಕಾಣುತ್ತದೆ. ಒಂದು ತಂತಿಯೆಳೆದು ಆಂಟೆನಾವನ್ನು ಮೇಲಕ್ಕೆ ಒಯ್ಯಿರಿ.

ಮಾರಾಟದ ಮಾತು. ಮೊದಲು ಕಹಿ ಸುದ್ದಿ: ಮಾವನವರ ಗಾಡಿಗಳು ಹಳದಿ ಬೋರ್ಡಿನವು. ಅಂಥವಕ್ಕೆ ಎಐಎಸ್-140 ಮಾನದಂಡದ ಟ್ರ್ಯಾಕರ್ ಮತ್ತು ತುರ್ತು ಬಟನ್ ಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 125ಎಚ್ ಹೇಳುತ್ತದೆ. 2019ರ ಜನವರಿ 1ರಿಂದ ನೋಂದಣಿಯಾದ ಹೊಸ ಸಾರ್ವಜನಿಕ ಸೇವಾ ವಾಹನಗಳಿಗೆ ಇದು ಅನ್ವಯ, ಜಾರಿ ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆ ಸಾಧನ ಭಾರತದ ನಾವಿಕ್ ಉಪಗ್ರಹಗಳನ್ನು ಓದಬೇಕು, ಬೋರ್ಡಿನಲ್ಲೇ ಕೂತ ಸಿಮ್ ಇರಬೇಕು, ಗಾಡಿಯ ಪವರ್ ಹೋದರೂ 4 ಗಂಟೆ ನಡೆಯಬೇಕು, ಕನಿಷ್ಠ 40,000 ಸ್ಥಾನದ ದಾಖಲೆ ಇಟ್ಟುಕೊಳ್ಳಬೇಕು. ಮೇಲೆ ನಾನು ಅದೇ ಸಂಖ್ಯೆ ಹಿಡಿದು ಲೆಕ್ಕ ಹಾಕಿದ್ದು ಸುಮ್ಮನೆ ಅಲ್ಲ. ಓಬಿಡಿಗೆ ಸಿಕ್ಕಿಸುವ ನಿಮ್ಮ ಸಾಧನ ಇದರ ಜಾಗಕ್ಕೆ ಬರುವಂತಿಲ್ಲ. ಮಾವನ ಗಾಡಿಗೆ ಅನುಮೋದಿತ ಟ್ರ್ಯಾಕರ್ ಕೊಂಡು ಹಾಕಿ, ನಿಮ್ಮದು ಇಂಜಿನ್ ಆರೋಗ್ಯಕ್ಕೆ ಅದರ ಪಕ್ಕ ಇರಲಿ. ನಿಮ್ಮ ಗಿರಾಕಿ ಬಿಳಿ ಬೋರ್ಡಿನವರು.

ಎಐಎಸ್-140ರ ಕಡೆಗೇ ಹೋಗುವ ಮನಸ್ಸಾದರೆ ನೀವು ಕೂತ ಊರು ಒಳ್ಳೆಯದು. ಪರೀಕ್ಷಾ ಸಂಸ್ಥೆಗಳಲ್ಲಿ ಒಂದಾದ ಸಿಐಆರ್‌ಟಿ ಭೋಸರಿಯಲ್ಲೇ ಇದೆ, 1966ರಿಂದ ನಡೆಯುತ್ತಿರುವ ಎಆರ್‌ಎಐ ಕೋಥ್ರೂಡಿನ ಗುಡ್ಡದ ಮೇಲೆ. ಪರೀಕ್ಷೆಗೆ ಕೊಟ್ಟು ಬಿದ್ದರೆ ಮತ್ತೆ ದುಡ್ಡು ಕಟ್ಟಬೇಕು, ಹಾಗಾಗಿ ಮೊದಲೇ ಖಾಸಗಿ ಲ್ಯಾಬಿನಲ್ಲಿ ಪವರ್ ಮತ್ತು ಇಎಂಸಿ (ವಿದ್ಯುತ್ಕಾಂತೀಯ ಅಡಚಣೆ) ಪರೀಕ್ಷೆ ಮಾಡಿಸಿಕೊಂಡು ಹೋಗುವುದು ಜಾಣತನ. ಬಿಳಿ ಬೋರ್ಡಿನವರಿಗೇ ಮಾರಿದರೂ ಕಾಗದಪತ್ರ ತಪ್ಪದು: ವೈಫೈ, ಬ್ಲೂಟೂತಿಗೆ ಕೇಂದ್ರದ ರೇಡಿಯೋ ತರಂಗ ವಿಭಾಗ ಡಬ್ಲ್ಯುಪಿಸಿಯ ಇಟಿಎ ಅನುಮೋದನೆ, ದೂರಸಂಪರ್ಕ ಇಲಾಖೆಯ ಟಿಇಸಿ ಪ್ರಮಾಣೀಕರಣ, ಸಿಮ್ ಸಮೇತ ಸೇವೆ ಮಾರುವುದಾದರೆ ಎಂ2ಎಂ ಸೇವಾ ಪೂರೈಕೆದಾರ ಎಂಬ ನೋಂದಣಿ. ಆಗಲೇ ಪ್ರಮಾಣಪತ್ರ ಇರುವ ರೇಡಿಯೋ ಮಾಡ್ಯೂಲುಗಳನ್ನೇ ಬಳಸಿದರೆ ಅರ್ಧ ತಲೆನೋವು ಕಡಿಮೆ. ಗಾಡಿ ಎಲ್ಲಿದೆ ಎಂಬುದು ಅದನ್ನು ಓಡಿಸುವವನು ಎಲ್ಲಿದ್ದಾನೆ ಎಂಬ ಮಾಹಿತಿಯೂ ಹೌದು, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಡ್ರೈವರುಗಳಿಗೆ ಅವರ ಭಾಷೆಯಲ್ಲಿ ಹೇಳಿ ಒಪ್ಪಿಗೆ ಬರೆಸಿಕೊಳ್ಳಿ.

ಈ ವಾರ ಮಾಡಬೇಕಾದದ್ದು ಇಷ್ಟೆ. ಎಂಟೂ ಗಾಡಿಗಳಿಂದ ಸಾಧನ ಕಳಚಿ, ಮಾವನ ಬೈಗುಳ ಸ್ವಲ್ಪ ತಗ್ಗಲಿ. ಒಂದೇ ಗಾಡಿ ಇಟ್ಟುಕೊಂಡು ಇಂಜಿನ್ ಆರಿದ ಮೇಲೆ ಕ್ಯಾನ್ ಪ್ರಶ್ನೆ ನಿಲ್ಲುವಂತೆ ಕೋಡು ತಿದ್ದಿ, ಆ ನೀಲಿ ಮಾಡ್ಯೂಲಿನ ಜಂಪರ್ ಕಿತ್ತು, ಮೀಟರಿಟ್ಟು ಅಳೆಯಿರಿ. ಸಾಧನ ಇದ್ದಾಗ, ಇಲ್ಲದಾಗ ಅರ್ಧ ಗಂಟೆಯ ನಂತರದ ಎರಡು ಅಂಕಿಗಳನ್ನು ಮತ್ತು ಹೊಸ ಬೋರ್ಡಿನ ಪವರ್ ಭಾಗದ ಸ್ಕೀಮ್ಯಾಟಿಕ್ಕನ್ನು ಕಳಿಸಿ. ಉಳಿದ ಹಾಳೆಗಳು ಸದ್ಯಕ್ಕೆ ಬೇಡ.